ಹತ್ತನೆಯ ಪ್ರಶ್ನೆ

ಕೂಸುಗಳ ತೂಕ ನೋಡುವ ಜೋಳಿಗೆಯನ್ನು ಮಡಚಿ ಆರೋಗ್ಯ ಕಾರ್ಯಕರ್ತೆ ಸುಜಾತಾ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಆ ಮನುಷ್ಯ ಬಂದ. ಬೆಳಗಿನ ಒಂಬತ್ತೂವರೆ. ಆರೋಗ್ಯ ಉಪಕೇಂದ್ರದ ಬೆಂಚಿನ ಮೇಲೆ ಲಸಿಕೆಗೆಂದು ಬಂದ ಮೂವರು ತಾಯಂದಿರು ಕುಳಿತಿದ್ದರು.

"ನಾ ರಾಜೀವ ಅಂತ. ಧಾರವಾಡದಿಂದ ಬಂದೇನ್ರಿ," ಎಂದ ಅವನು. "ಹಂಗಂದ ಕೂಡ್ಲೆ ನಗಬ್ಯಾಡ್ರಿ. ಆಸ್ಪತ್ರಿಯಿಂದ ತಪ್ಪಿಸಿಕೊಂಡ ಬಂದಾಂವ ಅಲ್ಲ."

ಬೆಂಚಿನ ಮೇಲಿದ್ದವರು ನಕ್ಕರು. ಹುಬ್ಬಳ್ಳಿಯ ಕಡೆ ಯಾರನ್ನಾದರೂ ಧಾರವಾಡಕ್ಕೆ ಕಳಿಸುವ ಮಾತು ಬಂದರೆ ಅದು ಮಾನಸಿಕ ಆಸ್ಪತ್ರೆಯ ಮಾತೇ. ಸುಜಾತಾ ಮಾತ್ರ ನಗಲಿಲ್ಲ. ಅವನ ಕೈಯಲ್ಲಿದ್ದ, ತಾನೇ ತುಂಬಿ ಕಳಿಸಿದ ಫಾರ್ಮುಗಳ ಹಸಿರು ಫೈಲು ಅವಳಿಗೆ ಗುರುತು ಸಿಕ್ಕಿತ್ತು.

ಹೆರಿಗೆಯಾದ ಆರು ವಾರದೊಳಗೆ ಪ್ರತಿ ತಾಯಿಗೂ ಹತ್ತು ಪ್ರಶ್ನೆ ಕೇಳಿ, ಮನಸ್ಸಿನ ಸ್ಥಿತಿಗೆ ಅಂಕ ಹಾಕಬೇಕು; ಅಂಕ ಹೆಚ್ಚಾದರೆ ವೈದ್ಯರ ಬಳಿ ಕಳಿಸಬೇಕು. ಸರಕಾರ ಈ ಕೆಲಸವನ್ನು ಆರೋಗ್ಯ ಕಾರ್ಯಕರ್ತೆಯರಿಗೆ ಒಪ್ಪಿಸಿ ಎಂಟು ತಿಂಗಳಾಗಿತ್ತು. ಅದು ಹೇಗೆ ನಡೆದಿದೆ ಎಂದು ನೋಡಿ ವರದಿ ಕೊಡಲು ರಾಜೀವ ಬಂದಿದ್ದ.

ಅವನು ಫೈಲು ಬಿಚ್ಚಿದ. "ಇನ್ನೂರ ಹನ್ನೊಂದು ಬಾಣಂತ್ಯಾರು. ಎಲ್ಲಾರಿಗೂ ಶೂನ್ಯ. ಅಕ್ಕಾರ, ನಾ ಸಂಖ್ಯಾಶಾಸ್ತ್ರ ಓದಿದಾಂವ. ಇಷ್ಟು ಮಂದ್ಯಾಗ ಒಬ್ಬರಿಗೂ ಒಂದ ದಿನಾನೂ ಅಳು ಬಂದಿಲ್ಲ, ನಿದ್ದಿ ಕೆಟ್ಟಿಲ್ಲ ಅಂದ್ರ ನಾನೂ ನಿಮ್ಮ ಓಣ್ಯಾಗ ಒಂದ ಮನಿ ಹಿಡೀತೇನಿ."

ಸುಜಾತಾ ಚೀಲದ ದಾರ ಬಿಗಿದು ಕಟ್ಟಿದಳು.

ಮೊದಲ ಎರಡು ಮನೆಗಳಲ್ಲಿ ಅವಳು ನಿಜವಾಗಿಯೂ ಕೇಳಲು ನೋಡಿದ್ದಳು. ಒಂದು ಮನೆಯಲ್ಲಿ ಮೂರನೆಯ ಪ್ರಶ್ನೆಗೇ ಅತ್ತೆ ನಕ್ಕಿದ್ದಳು. ಇನ್ನೊಂದು ಮನೆಯಲ್ಲಿ, ನನ್ನ ಹೆಂಡ್ತಿಗೆ ಹುಚ್ಚ ಹಿಡದೈತೇನು ಎಂದು ಗಂಡ ಮೇಲಿನವರಿಗೆ ಫೋನು ಮಾಡಿದ್ದ. ಅಂದಿನಿಂದ ಅವಳು ಕೂಸಿನ ತೂಕ, ತಾಯಿಯ ಹಾಲು, ಹೊಲಿಗೆ ಇಷ್ಟನ್ನೇ ಕೇಳುತ್ತ ಬಂದಳು. ಉಳಿದದ್ದನ್ನು ಯಾವುದಾದರೂ ಕಟ್ಟೆಯ ಮೇಲೆ ಕುಳಿತು ತಾನೇ ತುಂಬುತ್ತಿದ್ದಳು. ಹತ್ತು ಸೊನ್ನೆ ಸುತ್ತಲು ಒಂದು ನಿಮಿಷ ಸಾಕು.

"ಏಳು ರಜಿಸ್ಟರ್ ಅದಾವ್ರಿ ಸರ," ಎಂದಳು. "ಇದಕ್ಕ ಅರ್ಧಾ ದಿನ ತರಬೇತಿ ಕೊಟ್ಟಾರ. ಮಗ್ಗಲದಾಗ ಅತ್ತಿ ಕುಂತಿರತಾಳ, ಹೊರಗ ಗಂಡ. ನಾ ಯಾವಾಗ ಕೇಳ್ಲಿ?"

"ಅದನ್ನೂ ಬರಕೋತೇನಿ," ಎಂದು ರಾಜೀವ ಬರೆದುಕೊಂಡ. ಆಮೇಲೆ ಫೈಲಿನ ನಡುವಿನಿಂದ ಒಂದು ಹಾಳೆ ಎಳೆದ. "ಈ ಒಂದ ಮನಿ ತೋರಸ್ರಿ. ಸೌಮ್ಯಾ, ಇಪ್ಪತ್ತಾರು ದಿನದ ಬಾಣಂತಿ. ಹೋದ ಶುಕ್ರವಾರ ನೀವು ಕೇಳೀರಿ."

ಕೆರೆಯ ಹಿಂದಿನ ಓಣಿಗೆ ನಡೆಯುವಾಗ ಸುಜಾತಾಳಿಗೆ ಕೆಲಸ ಹೋಗುವ ಭಯವೊಂದೇ ಇತ್ತು. ಶುಕ್ರವಾರ ಅವಳು ಆ ಮನೆಗೆ ಹೋದದ್ದು ನಿಜ. ಸೌಮ್ಯಾಳ ತಾಯಿ ರತ್ನವ್ವ ಕೂಸನ್ನು ಪಡಸಾಲೆಗೆ ತಂದುಕೊಟ್ಟಿದ್ದಳು. ತೂಕ ಮಾಡಿ, ಕಟ್ಟೆಯ ಮೇಲೆ ಫಾರ್ಮು ತುಂಬಿ ಅವಳು ಹೊರಟುಹೋಗಿದ್ದಳು. ಸೌಮ್ಯಾಳ ಮುಖವನ್ನೇ ನೋಡಿರಲಿಲ್ಲ.

ಸೌಮ್ಯಾಳ ತವರು ಅದು; ತಂದೆ ಮುರುಗೆಪ್ಪ ಕಾಳಿನ ವ್ಯಾಪಾರಿ. ಅವನು ಅಂಗಡಿಗೆ ಹೋಗಿದ್ದ. ಬಾಗಿಲಿಗೆ ಬಂದ ರತ್ನವ್ವ ಸುಜಾತಾಳನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಬರ್ರಿ ಅಕ್ಕಾರ. ಮೊನ್ನೆ ಬಂದಿದ್ರೆಲ್ಲ."

"ಮತ್ತೊಮ್ಮೆ ನೋಡಬೇಕಾಗೈತ್ರಿ. ಇವರು ಧಾರವಾಡದವರು."

ಊರಿನ ಹೆಸರು ಕೇಳಿ ರತ್ನವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಬಾಣಂತಿಯ ಕೋಣೆಗೆ ಹೊರಗಿನ ಗಂಡಸರು ಹೋಗುವಂತಿಲ್ಲ. ರಾಜೀವ ತಾನೇ ಪಡಸಾಲೆಯ ಕುರ್ಚಿಯಲ್ಲಿ ಕುಳಿತ.

"ಆರಾಮ ಅದಾಳ್ರಿ," ಎಂದಳು ರತ್ನವ್ವ, ಯಾರೂ ಏನೂ ಕೇಳದಿದ್ದರೂ. "ಉಣತಾಳ, ಮಲಗತಾಳ. ಏನೂ ತ್ರಾಸಿಲ್ಲ."

ಕೋಣೆಯಲ್ಲಿ ಧೂಪದ ಹೊಗೆ ತುಂಬಿತ್ತು. ಹಾಸಿಗೆಯ ಮೇಲೆ ಕೂಸೊಂದೇ ಮಲಗಿತ್ತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಸೌಮ್ಯಾ ಎದುರಿನ ಗೋಡೆಗೆ ಬೆನ್ನು ಹಚ್ಚಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತಿದ್ದಳು.

"ಕೂಸಿನ್ನ ಈ ಜೋಳಿಗ್ಯಾಗ ಇಡವಾ ತಂಗಿ," ಎಂದಳು ಸುಜಾತಾ.

"ನೀವ ಎತ್ತಿಕೊಳ್ರಿ." ಸೌಮ್ಯಾ ಕೈ ತೆಗೆಯಲಿಲ್ಲ.

ಜೋಳಿಗೆ ಹಾಸಲೆಂದು ಸುಜಾತಾ ತಲೆದಿಂಬು ಸರಿಸಿದಳು. ಕೆಳಗೆ ಕುಡಗೋಲಿತ್ತು. ದೆವ್ವದ ಗಾಳಿ ಸೋಕದಿರಲೆಂದು ಬಾಣಂತಿಯ ತಲೆದೆಸೆಗೆ ಕಬ್ಬಿಣ ಇಡುವುದನ್ನು ಅವಳು ನೂರಾರು ಮನೆಗಳಲ್ಲಿ ನೋಡಿದ್ದಳು. ಆದರೆ ಇಲ್ಲಿ ಎರಡಿದ್ದವು. ಎರಡನೆಯದರ ಅಂಚು ಹೊಸದಾಗಿ ಹೊಳೆಯುತ್ತಿತ್ತು.

"ಎರಡ್ಯಾಕ್ರಿ ಅವ್ವಾರ?"

ಬಾಗಿಲಲ್ಲಿ ನಿಂತಿದ್ದ ರತ್ನವ್ವ ದನಿ ತಗ್ಗಿಸಿದಳು. "ಒಂದ ಸಾಲಲಿಲ್ರಿ. ನಾ ಇಟ್ಟಂಗ ಇಟ್ಟಂಗ ಇಕಿ ಒಯ್ದು ಒಗೀತಾಳ. ಒಮ್ಮೆ ಹಿತ್ತಲದಾಗ ಒಗದಿದ್ಲು, ಒಮ್ಮೆ ಟ್ರಂಕಿನ ಹಿಂದ. ಕಬ್ಬಿಣ ಕಂಡ್ರ ಅಂಜೂದು ಯಾವುದು ಅಂತ ನಿಮಗೂ ಗೊತ್ತೈತಲ್ರಿ. ಹೊರಗಿಂದು ಏನೋ ಬಡದೈತಿ. ಅದಕ್ಕ ಇನ್ನೊಂದ ತರಿಸಿ ಇಟ್ಟೆ."

ಸೌಮ್ಯಾ ತಲೆಯೆತ್ತಲಿಲ್ಲ.

"ಅವ್ವಾರ, ಸರ್‌ಗೆ ಒಂದ ಕಪ್ ಚಾ ಮಾಡ್ರಿ," ಎಂದಳು ಸುಜಾತಾ. ರತ್ನವ್ವ ಅಡುಗೆಮನೆಗೆ ಹೋದಳು. ಸುಜಾತಾ ಬಾಗಿಲು ಹಾಕಿಕೊಂಡಳು. ನಾಲ್ಕು ವರ್ಷದ ನೌಕರಿಯಲ್ಲಿ ಯಾವುದೇ ಬಾಣಂತಿಯ ಕೋಣೆಯ ಬಾಗಿಲನ್ನು ಅವಳು ಹಾಕಿದ್ದು ಅದೇ ಮೊದಲು.

ಅವಳು ಸೌಮ್ಯಾಳ ಪಕ್ಕ ನೆಲದ ಮೇಲೆ ಕುಳಿತಳು. ಫಾರ್ಮು ತೆಗೆಯಲಿಲ್ಲ. ಹತ್ತನೆಯ ಪ್ರಶ್ನೆ ಬಾಯಿಪಾಠವಿತ್ತು. ಅದರ ಎದುರಿಗೆ ಇನ್ನೂರ ಹನ್ನೊಂದು ಸಲ ಸೊನ್ನೆ ಸುತ್ತಿದ್ದಳು. ಬಾಯಿಬಿಟ್ಟು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

"ತಂಗಿ, ನಿನಗ ಇಲ್ಲಾ ಕೂಸಿಗೆ ಏನರ ಆಗಿಬಿಡತೈತಿ, ನೀನ ಏನರ ಮಾಡಿಬಿಡತಿ ಅಂತ ವಿಚಾರ ಬರತಾವೇನು?"

ಒಲೆಯ ಮೇಲೆ ಪಾತ್ರೆ ಇಟ್ಟ ಸಪ್ಪಳ ಕೇಳಿಸಿತು. ಸೌಮ್ಯಾ ಅಡುಗೆಮನೆಯ ಕಡೆ ಕಿವಿಗೊಟ್ಟು, ತಗ್ಗಿದ ದನಿಯಲ್ಲಿ ಮಾತಾಡಿದಳು.

"ನನಗ ಯಾವುದೂ ಬಡದಿಲ್ರಿ ಅಕ್ಕಾರ. ನಾನ ಅದೇನಿ. ಅದಕ್ಕ ಅಂಜಿಕಿ. ಕೂಸಿನ ಕುತ್ತಿಗಿ ನೋಡಿದ್ರ ಕುಡಗೋಲು ಕಣ್ಣ ಮುಂದ ಬರತೈತಿ. ಬ್ಯಾಡ ಬ್ಯಾಡ ಅಂದಷ್ಟೂ ಬರತೈತಿ. ನಾ ಹಂಗ ಮಾಡೂದಿಲ್ರಿ. ಆದ್ರ ಮಾಡಿಬಿಟ್ರ? ಅದಕ್ಕ ಕೈ ಹಿಂಗ ಇಟ್ಟಕೊಂಡ ಕುಂದರತೇನಿ. ಅದನ್ನ ಒಯ್ದು ಒಗದ ಬಂದ್ರ ಅವ್ವ ಮತ್ತ ತಂದಿಡತಾಳ." ಅವಳು ಬಾಗಿಲು ಹಾಕಿದೆಯೇ ಎಂದು ನೋಡಿದಳು. "ನಿನ್ನೆ ಕೆರಿಗೆ ಹೋಗಿಬಿಡಬೇಕು ಅನಸ್ತು. ನಾ ಇಲ್ಲಂದ್ರ ಕೂಸರ ಉಳೀತೈತಿ."

ಕೆರೆ ಆ ಮನೆಯಿಂದ ಇನ್ನೂರು ಹೆಜ್ಜೆ.

"ಶುಕ್ರವಾರ ನಿಮ್ಮ ದನಿ ಕೇಳಿಸ್ತು," ಎಂದಳು ಸೌಮ್ಯಾ. "ಒಳಗ ಬರತೀರಿ ಅಂತ ಬಾಗಲಾ ನೋಡಕೋತ ಕುಂತಿದ್ನಿ."

ಸುಜಾತಾ ಎರಡೂ ಕುಡಗೋಲುಗಳನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದಳು. ಫಾರ್ಮಿನ ಬೆನ್ನಿಗೆ ಅಚ್ಚಾಗಿದ್ದ ಸಹಾಯವಾಣಿಯ ನಂಬರಿಗೆ ಫೋನು ಮಾಡಿದಳು. ಆ ಕಡೆಯ ಹೆಣ್ಣುಮಗಳ ಮೊದಲ ಪ್ರಶ್ನೆ, ತಾಯಿಯ ಹತ್ತಿರ ಈಗ ಯಾರಿದ್ದಾರೆ ಎಂಬುದು. ಎರಡನೆಯದು, ನಿದ್ರೆ ಮಾಡಿ ಎಷ್ಟು ದಿನವಾಯಿತು ಎಂಬುದು. ಒಬ್ಬಳನ್ನೇ ಬಿಡಬೇಡಿ, ಇವತ್ತೇ ವೈದ್ಯರಿಗೆ ತೋರಿಸಿ ಎಂದಳು.

ಇವತ್ತೇ ಧಾರವಾಡದ ವೈದ್ಯರಿಗೆ ತೋರಿಸಬೇಕೆಂದು ಸುಜಾತಾ ಬಾಗಿಲು ತೆಗೆದು ಹೇಳಿದಾಗ, ಚಹಾ ತಂದ ರತ್ನವ್ವ ಪಡಸಾಲೆಯಲ್ಲೇ ನಿಂತುಬಿಟ್ಟಳು. "ಧಾರವಾಡಕ್ಕ? ಬ್ಯಾಡ್ರಿ ಅಕ್ಕಾರ. ಅಳಿಯಾ ಬಸವಕಿರಣ ಛಲೋ ಹುಡುಗ, ಖರೇ. ಆದ್ರ ಅವರ ಮನ್ಯಾಗ ಗೊತ್ತಾದ್ರ ನಾಳೆ ಇಕಿನ್ನ ಗೋಕುಲ ರೋಡಿನ ಮನಿಗೆ ಕರಕೊತಾರೇನು? ಕೂಸಿನ್ನ ಕಸಕೊಂಡ ಇಕಿನ್ನ ನನ್ನ ಹಂತೇಕ ಬಿಡತಾರ. ಆಮ್ಯಾಲ ಯಾರ ಬರತೀರಿ, ನೀವ ಬರತೀರೇನು?"

ಆ ಭಯ ಸುಳ್ಳಾಗಿರಲಿಲ್ಲ. ಹಾಗೆಯೇ ಆಗಿಹೋದ ಎರಡು ಮನೆಗಳು ಸುಜಾತಾಳಿಗೇ ಗೊತ್ತಿದ್ದವು.

"ಬರತೇನ್ರಿ," ಎಂದಳು. "ಅಳಿಯಗೂ ನಾನ ಹೇಳತೇನಿ. ಅವ್ವಾರ, ನಿಮ್ಮ ಮಗಳು ಕಬ್ಬಿಣಕ್ಕ ಅಂಜಿ ಒಗದಿಲ್ಲ. ಕೂಸಿನ್ನ ಕಾಯಾಕ ಒಗದಾಳ. ಇಪ್ಪತ್ತಾರು ದಿನಾ ಒಬ್ಬಾಕೀನ ಕಾದಾಳ. ನೀವು ತಿಳೀದ ಅದನ್ನ ವಾಪಸ ಇಟ್ರಿ. ನಾ ತಿಳಿದಾಕಿ, ಒಳಗ ಕಾಲಿಡದ ಆರಾಮ ಅದಾಳ ಅಂತ ಬರದ ಹೋದೆ."

ರಾಜೀವನ ಎದುರಿಗೇ ಈ ಮಾತು ಬಂದಿತ್ತು. ಅವನು ಪೆನ್ನು ಕೆಳಗಿಟ್ಟು ನೆಲ ನೋಡಿದ.

ರತ್ನವ್ವ ಚಹಾದ ಕಪ್ಪು ಹಿಡಿದೇ ನಿಂತಿದ್ದಳು. ಅದರ ಮೇಲೆ ಕೆನೆ ಕಟ್ಟಿತು. ಆಮೇಲೆ ಕಪ್ಪನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದಳು. ಮಗಳ ಪಕ್ಕ ಕುಳಿತು, ತೊಡೆಯ ಕೆಳಗಿಂದ ಅವಳ ಕೈಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಅಂಗೈ ತುಂಬ ಚಾಪೆಯ ಗೆರೆಗಳು ಮೂಡಿದ್ದವು. ತಿಂಗಳು ತುಂಬುವ ಮೊದಲು ಬಾಣಂತಿ ಹೊಸ್ತಿಲು ದಾಟಬಾರದು ಎನ್ನುವವಳು ತಾನೇ ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಇನ್ನೊಂದು ಸುತ್ತು ಬಟ್ಟೆ ಕಟ್ಟಿದಳು. ಕೂಸನ್ನು ಎತ್ತಿಕೊಂಡು ರಾಜೀವನಿಗೆ, "ಆಟೋ ಕರೀರಿ ಸರ," ಎಂದಳು.

ಆಟೋ ಬರುವಷ್ಟರಲ್ಲಿ ಸುಜಾತಾ ಆ ಹಳೆಯ ಹಾಳೆಯನ್ನು ಕೇಳಿ ತೆಗೆದುಕೊಂಡಳು.

"ತಿದ್ದಿದ್ರ ಸಹಿ ನಿಮ್ಮದ ಬೀಳತೈತಿ," ಎಂದ ರಾಜೀವ. "ಮ್ಯಾಲಿನವರು ಕೇಳೂದು ನಿಮ್ಮನ್ನ."

"ಕೇಳ್ಲಿ." ಅವಳು ಹತ್ತನೆಯ ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಆ ಪ್ರಶ್ನೆಯ ಅತಿ ಹೆಚ್ಚಿನ ಅಂಕವಾದ ಮೂರನ್ನು ಬರೆದು ಸಹಿ ಮಾಡಿದಳು. "ಉಳಿದ ಇನ್ನೂರ ಹತ್ತನ್ನೂ ನಂಬಬ್ಯಾಡ್ರಿ. ಮತ್ತ ಒಂದ ಮಾತು ಬರಕೊಳ್ರಿ. ಪ್ರಶ್ನಿ ಕೊಟ್ಟಾರ, ನಂಬರ ಕೊಟ್ಟಾರ. ಬಾಗಲಾ ಹಾಕ್ಕೊಂಡ ಕುಂದ್ರಾಕ ಹೊತ್ತ ಕೊಟ್ಟಿಲ್ಲ."

ಮೂರು ವಾರದ ನಂತರ ಅದೇ ಮನೆಯಲ್ಲಿ ಕೋಣೆಯ ಕಿಟಕಿ ತೆರೆದಿತ್ತು. ಸೌಮ್ಯಾ ಕೂಸಿನ ಕುತ್ತಿಗೆಗೆ ಅಂಗೈ ಕೊಟ್ಟು ಹಾಲು ಕುಡಿಸುತ್ತಿದ್ದಳು. ಅವಳ ಪಕ್ಕ ಬಸವಕಿರಣ ಗುಳಿಗೆಯ ಚೀಟಿ ಓದುತ್ತ ಕುಳಿತಿದ್ದ.

"ಆ ವಿಚಾರ ಇನ್ನೂ ಬರತೈತ್ರಿ ಅಕ್ಕಾರ," ಎಂದಳು ಸೌಮ್ಯಾ. "ಬಂದ ಕೂಡ್ಲೆ ಅವ್ವನ್ನ ಕರೀತೇನಿ."

ರತ್ನವ್ವ ತಲೆದಿಂಬು ಎತ್ತಿ ತೋರಿಸಿದಳು. ಕುಡಗೋಲಿನ ಜಾಗದಲ್ಲಿ ಹಳೆಯ ಕೀಲಿಯೊಂದಿತ್ತು. "ಇದೂ ಕಬ್ಬಿಣನ ಅಲ್ರಿ," ಎಂದಳು.

ಅಲ್ಲಿಂದ ಸುಜಾತಾ ಮುಂದಿನ ಓಣಿಗೆ ಹೋದಳು. ಚೀಲದಲ್ಲಿ ಮೇಲಿನವರ ನೋಟೀಸಿತ್ತು; ಉತ್ತರ ಬರೆಯಲು ಇನ್ನೆರಡು ದಿನ ಉಳಿದಿದ್ದವು. ಪಟ್ಟಿಯ ಪ್ರಕಾರ ಅದು ಮರಳಿ ಕೇಳಬೇಕಾದ ಹತ್ತೊಂಬತ್ತನೆಯ ಮನೆ.

"ನಮ್ಮ ಸೊಸಿ ಆರಾಮ ಅದಾಳ, ಬರಕೊಂಡ ಹೋಗ್ರಿ," ಎಂದಳು ಬಾಗಿಲಲ್ಲೇ ಅತ್ತೆ.

"ಅವ್ವಾರ, ಒಂದ ಕಪ್ ಚಾ ಮಾಡ್ರಿ," ಎಂದು ಸುಜಾತಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕೋಣೆಯ ಬಾಗಿಲು ಹಾಕಿ, ಪೆನ್ನು ತೆಗೆಯದೆ ನೆಲದ ಮೇಲೆ ಕುಳಿತಳು. ಹತ್ತನೆಯ ಪ್ರಶ್ನೆಯನ್ನೇ ಮೊದಲು ಕೇಳಿದಳು. ಎದುರಿನ ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಸುಜಾತಾ ಕಾಯುತ್ತ ಕುಳಿತಳು.