ಟೆಡ್ ಬಾರ್ಲೊನ ಒಂದು ವರ್ಷದ ಮೌನ

ಟೆಡ್ ಬಾರ್ಲೊ ಎಂಬ ಹಾಡುಗಾರ ಎಂದೂ ಹುಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾಗಿದ್ದ ಹೊತ್ತಿಗೆ ನಾನು ಹೇಳಲಿಲ್ಲ.

1988ರಲ್ಲಿ ನಾನು ನಿಪ್ಪಾಣಿಯ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಸಂಜೆ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಮಾಲಕ ರಾಜಾರಾಮ ಅಣ್ಣಾ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲುಗಳ ಜೊತೆಗೆ ನಾಲ್ಕು ಪುಟದ ಒಂದು ವಾರಪತ್ರಿಕೆಯನ್ನೂ ತರುತ್ತಿದ್ದರು. ಒಮ್ಮೆ ರದ್ದಿ ಗಂಟಿನಲ್ಲಿ ರಾಕ್ ಸಂಗೀತದ ಇಂಗ್ಲಿಷ್ ಮಾಸಿಕಗಳು ಸಿಕ್ಕವು.

"ಜ್ಞಾನದೇವ, ನೀ ಇಂಗ್ಲಿಷ್ ಕಲಿಯಾಕತ್ತೀಯಲ್ಲ," ಎಂದರು ಅಣ್ಣಾ. "ಇದರಾಗಿಂದ ಏನರೆ ಮಜಾ ಇದ್ದದ್ದು ತಗದ ಬರಿ. ಕಡೀ ಪೇಜ್ ಖಾಲಿ ಹೊಡೀತೈತಿ."

ಹಾಗೆ ಆ ಅಂಕಣ ಶುರುವಾಯಿತು. 'ಸಂಗೀತಪ್ರಿಯ' ಎಂಬ ಹೆಸರಿನಲ್ಲಿ ಬರೆದೆ. ನನ್ನ ಇಂಗ್ಲಿಷಿನಲ್ಲಿ ತಿಳಿದದ್ದು ಅರ್ಧ, ಊಹೆ ಅರ್ಧ. ಒಬ್ಬ ಸಾವಿರಾರು ಜನರ ಮುಂದೆ ಗಿಟಾರ್ ಒಡೆದ, ಇನ್ನೊಬ್ಬ ಕಾರನ್ನು ಈಜುಕೊಳಕ್ಕೆ ಇಳಿಸಿದ, ಮತ್ತೊಬ್ಬ ಹೊಟೇಲಿನ ಕಿಟಕಿಯಿಂದ ಟಿವಿ ಎಸೆದ. ಚಹಾದ ಅಂಗಡಿಯಲ್ಲಿ ಮಂದಿ ಜೋರಾಗಿ ಓದುತ್ತಿದ್ದರು.

"ಟಿವಿ ಒಗದ್ನಂತಲೇ. ನಾವು ಟಿವಿ ಇದ್ದಾವನ ಮನ್ಯಾಗ ಚಪ್ಲಿ ಬಿಟ್ಟ, ಕೈಕಟ್ಟಿ ಕುಂದರತೀವಿ."

ಆದರೆ ನಮ್ಮ ಪತ್ರಿಕೆಗೆ ಪ್ರತಿವಾರ ಜಾಹೀರಾತು ಕೊಡುತ್ತಿದ್ದ ತಂಬಾಕಿನ ವ್ಯಾಪಾರಿ ಭಾವುಸಾಹೇಬರು ಜೈನರು, ನೇಮನಿಷ್ಠೆಯವರು. ಅವರು ಒಂದು ದಿನ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬರೀ ಕುಡಕರ ಕಥೀನ ಬರಿತೀಯಪಾ. ಅಷ್ಟ ಮಂದ್ಯಾಗ ಒಬ್ಬನರೆ ಚಲೋ ಮನಷ್ಯಾ ಇಲ್ಲೇನು?"

ನಾನು ಮಾಸಿಕಗಳನ್ನೆಲ್ಲ ಹುಡುಕಿದೆ. ಸಿಗಲಿಲ್ಲ, ಅಥವಾ ಇದ್ದರೂ ನನಗೆ ತಿಳಿಯಲಿಲ್ಲ. ಆ ವಾರ ಕಡೆಯ ಪುಟದಲ್ಲಿ ನಾಲ್ಕು ಅಂಗುಲ ಜಾಗ ಉಳಿದಿತ್ತು, ಮಷಿನ್ ಕಾಯುತ್ತಿತ್ತು. ಕಾಗದದ ಮೇಲೆ ಬರೆಯದೆ ನೇರವಾಗಿ ಮೊಳೆಯಲ್ಲೇ ಜೋಡಿಸಿದೆ. ಟೆಡ್ ಬಾರ್ಲೊ ಎಂಬ ಪ್ರಸಿದ್ಧ ಹಾಡುಗಾರನ ದನಿ ಹೋಯಿತು. ಗಂಟಲಲ್ಲಿ ಗಂಟು. 'ವೈದ್ಯರು ಕತ್ತಿ ಎಂದರು, ಟೆಡ್ ಮೌನ ಎಂದ.' ಸಮುದ್ರದಂಡೆಯ ಗುಡಿಸಲಲ್ಲಿ ಒಂದು ವರ್ಷ ಮಾತಿಲ್ಲದೆ ಇದ್ದ. ಗಂಟು ಕರಗಿತು. ತಿರುಗಿ ಬಂದು ಮೊದಲಿಗಿಂತ ಚೆನ್ನಾಗಿ ಹಾಡಿದ.

ಮೌನ ಎಂದರೆ ಭಾವುಸಾಹೇಬರಿಗೆ ಹಿಡಿಸುತ್ತದೆ ಎಂದು ನನಗೆ ಗೊತ್ತಿತ್ತು. ಹಿಡಿಸಿತು. ಆ ಕತ್ತಿ-ಮೌನದ ವಾಕ್ಯವನ್ನು ನಾನೇ ಎರಡು ಮೂರು ಸಲ ಓದಿಕೊಂಡೆ.

ಏಳು ವಾರದ ಮೇಲೆ ಏಕಸಂಬಿಯ ರೈತ ಜಯಪಾಲ ಛಾಪಖಾನೆಗೆ ಬಂದರು. ಅವರ ಹೆಂಡತಿ ಜಿನಮತಿ ಬಸದಿಗಳಲ್ಲಿ ಪೂಜೆಯ ಹಾಡು ಹಾಡುವಾಕೆ. ಹಾರೂಗೇರಿ, ಐಗಳಿಯಂಥ ಊರಿನವರೂ ಬಂದು ಕರೆದೊಯ್ಯುತ್ತಿದ್ದರು. ಧ್ವನಿವರ್ಧಕದಲ್ಲಿ ಆ ದನಿ ಕೇಳಿ ನಾನೂ ಸೈಕಲ್ ನಿಲ್ಲಿಸಿದ್ದುಂಟು.

"ಹ್ಯಾಂಡ್‌ಬಿಲ್ ಬೇಕಾಗ್ಯಾವರಿ," ಎಂದರು ಜಯಪಾಲ. "ಈ ವರ್ಷ ಹಾಡಾಕ ಕರೀಬ್ಯಾಡ್ರಿ ಅಂತ. ನಮ್ಮಾಕಿ ಒಂದ ವರ್ಷ ಮೌನದ ನೇಮ ಹಿಡದಾಳ."

"ಯಾಕ್ರಿ?"

"ಗಂಟ್ಲಾಗ ಗಂಟ ಆಗೇತಿ. ಮಿರಜದ ಡಾಕ್ಟರು ಲಗೂನ ತಗಸ್ರಿ ಅಂದ್ರು. ಅಷ್ಟರಾಗ ನಿಮ್ಮ ಪೇಪರ ಬಂತು." ಅವರು ಕಿಸೆಯಿಂದ ಮಡಚಿದ ತುಂಡೊಂದನ್ನು ಬಿಡಿಸಿದರು. "ವೈದ್ಯರು ಕತ್ತಿ ಎಂದರು, ಟೆಡ್ ಮೌನ ಎಂದ. ಏನ್ ಬರದಾರ್ರಿ, ಪುಣ್ಯಾತ್ಮರು. ಯಾರ ಇವರು ಸಂಗೀತಪ್ರಿಯ?"

"ಹೊರಗಿನವರು," ಎಂದೆ.

ಆ ಹ್ಯಾಂಡ್‌ಬಿಲ್ಲಿನ ಮೊಳೆಯನ್ನು ಜೋಡಿಸಿದ್ದೂ ನಾನೇ. ಜಿನಮತಿ ಎಂಬ ಹೆಸರಿಗೆ ದಪ್ಪಕ್ಷರ ಹಾಕಿದೆ. ಆಮೇಲೆ ನಾಲ್ಕು ದಿನ ಎಂದಿನಂತೆ ಮೊಳೆ ಜೋಡಿಸುತ್ತ ಕಳೆದೆ. ನಾಲ್ಕು ದಿನ ಎಂದು ಬರೆಯುವಾಗಲೂ ನಾಚಿಕೆಯಾಗುತ್ತದೆ. ಅವತ್ತೇ ಅವರ ಹಿಂದೆ ಓಡಬಹುದಿತ್ತು.

ರವಿವಾರ ಏಕಸಂಬಿಯ ಬಸ್ ಹತ್ತಿದೆ. ಜಯಪಾಲರ ಅಂಗಳದಲ್ಲಿ ಅವರ ತಾಯಿ ಕಮಲಾಬಾಯಿ ಶೇಂಗಾ ಒಡೆಯುತ್ತ ಕೂತಿದ್ದರು. ಜಿನಮತಿ ಚಹಾ ತಂದಿಟ್ಟು, ಮಕ್ಕಳು ಬರೆಯುವ ಪಾಟಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿದರು.

"ಅಕ್ಕಾರ, ಆ ಪೇಪರದಾಗಿನ ಕಥಿ ನಾ ಬರದದ್ದು."

ಅವರ ಮುಖ ಅರಳಿತು. ಬಳಪ ಹಿಡಿದು ಬರೆದರು: ಚಲೋ ಬರದೀರಿ.

"ಬರದದ್ದಲ್ಲರಿ, ಹುಟ್ಟಿಸಿದ್ದು. ಅಂಥಾ ಮನಷ್ಯಾ ಇಲ್ಲ."

"ಇಲ್ಲ ಅಂದ್ರ?" ಎಂದರು ಜಯಪಾಲ. "ಸತ್ತಾನೇನು?"

"ಹುಟ್ಟೇ ಇಲ್ಲರಿ. ಪೇಜಿನ್ಯಾಗ ಜಾಗಾ ಉಳದಿತ್ತು."

ಕಮಲಾಬಾಯಿ ಶೇಂಗಾ ಪಕ್ಕಕ್ಕೆ ಸರಿಸಿದರು. "ಜಾಗಾ ತುಂಬಸಾಕ ನನ್ನ ಸೊಸಿ ಗಂಟ್ಲಾನ ಬೇಕಾಗಿತ್ತೇನೋ ತಮ್ಮಾ ನಿನಗ?"

ಜಯಪಾಲ ಎದ್ದು ನಿಂತು, ಮತ್ತೆ ಕೂತರು. "ಈಗೇನ ಮಾಡೂದವ್ವಾ? ಬಸದ್ಯಾಗ, ದೇವರ ಮುಂದ ಹಿಡದಾಳ. ಕಥಿ ಸುಳ್ಳಾತಂತ ನೇಮ ಸುಳ್ಳಾಗತೈತೇನು?"

"ನೇಮ ಏನಂತ ಹಿಡದಾಳ?" ಕಮಲಾಬಾಯಿ ಕೇಳಿದರು. "ಮಾತಾಡಂಗಿಲ್ಲ ಅಂತ. ದವಾಖಾನಿಗೆ ಹೋಗಂಗಿಲ್ಲ ಅಂತ ದೇವರಿಗೆ ಹೇಳ್ಯಾಳೇನು? ನಾ ಮಗ್ಗಲದಾಗ ನಿಂತಿದ್ನೆಲ್ಲಾ. ಅದು ಇವನ ಕಥ್ಯಾಗಿಂದು. ಮೂಕ ಆಗೇ ಮಿರಜಕ್ಕ ಹೋಗ್ಲಿ. ಗಂಟ್ಲಾ ಕೊಯ್ಯೂಮುಂದ ಯಾರ ಭಾಷಣಾ ಮಾಡತಾರ?"

ಜಿನಮತಿ ಅತ್ತೆಯನ್ನು ನೋಡಿದರು, ತಲೆಯಾಡಿಸಿದರು. ನನಗೆ ಎದೆ ಹಗುರಾದಂತಾಯಿತು. ಆ ಹಗುರಕ್ಕೂ ಈಗ ನಾಚುತ್ತೇನೆ. ಅಷ್ಟರಲ್ಲಿ ಅವರು ಪಾಟಿ ಒರೆಸಿ ನನ್ನ ಕಡೆ ತಿರುಗಿಸಿದರು: ಇನ್ನ ಯಾರ್ಯಾರಿಗೆ ಹೇಳೀರಿ?

"ಯಾರಿಗೂ ಇಲ್ಲರಿ."

ಮತ್ತೆ ಒರೆಸಿ ಒಂದೇ ಶಬ್ದ ಬರೆದರು: ಹೇಳ್ರಿ.

ಮಂಗಳವಾರ ಅವರು ಮಿರಜಕ್ಕೆ ಹೋದರು. ಗಂಟು ಬೆಳೆದು ಆಳಕ್ಕೆ ಇಳಿದಿತ್ತಂತೆ. ತೆಗೆದರು. ಮಾತು ಬರುತ್ತದೆ ಎಂದರಂತೆ ಡಾಕ್ಟರು. ಹಾಡಿನ ವಿಷಯ ಕೇಳಿದ್ದಕ್ಕೆ, ಎರಡು ತಿಂಗಳು ಮೊದಲು ಹೇಳಿದಾಗಲೇ ಯಾಕೆ ತೆಗೆಸಲಿಲ್ಲ ಎಂದು ಅವರೇ ತಿರುಗಿ ಕೇಳಿದರಂತೆ.

ತಿದ್ದುಪಡಿ ಹಾಕಲು ರಾಜಾರಾಮ ಅಣ್ಣಾ ಒಪ್ಪಲಿಲ್ಲ. "ಒಂದ ಸುಳ್ಳ ಅಂದ್ರ ಹಿಂದಿನವೂ ಸುಳ್ಳ ಅಂತಾರ ಮಂದಿ."

"ಅವೂ ಅರ್ಧ ನನ್ನ ಊಹೇನರಿ," ಎಂದೆ.

ಕೊನೆಗೆ ಅಣ್ಣಾ ಅದೇ ಪುಟದ ಅದೇ ಜಾಗ ಕೊಟ್ಟರು. ಟೆಡ್ ಬಾರ್ಲೊ ಎಂಬವನಿಲ್ಲ, ಆ ಕಥೆ ನಂಬಿ ಯಾರೂ ಔಷಧೋಪಚಾರ ಬಿಡಬಾರದು ಎಂದು ಜೋಡಿಸಿ, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಅಂಕಣ ಅಲ್ಲಿಗೆ ನಿಂತಿತು.

ಮರುವರ್ಷ, ಜಿನಮತಿಯವರ ಮೌನದ ನೇಮ ಮುಗಿದ ಮೇಲೆ, ನಿಪ್ಪಾಣಿಯಲ್ಲಿ ಭಾವುಸಾಹೇಬರ ಮನೆಯವರು ಪೂಜೆ ಮಾಡಿಸಿದರು. ಆಮಂತ್ರಣ ಪತ್ರಿಕೆ ನಮ್ಮಲ್ಲೇ ಅಚ್ಚಾದದ್ದರಿಂದ ನನ್ನನ್ನೂ ಊಟಕ್ಕೆ ಕರೆದಿದ್ದರು. ಧ್ವನಿವರ್ಧಕದಲ್ಲಿ ಯಾರೋ ಹುಡುಗಿ ಹಾಡುತ್ತಿದ್ದಳು. ಆಕೆಯ ಹಿಂದೆ ಕೂತ ಜಿನಮತಿ ಪುಸ್ತಕದಲ್ಲಿ ಬೆರಳಿಟ್ಟು ಸಾಲು ತೋರಿಸುತ್ತಿದ್ದರು.

ಊಟಕ್ಕೆ ಬಡಿಸುತ್ತ ಅವರು ನನ್ನ ಎಲೆಯ ಮುಂದೆ ಬಂದು ನಿಂತರು. "ಹೋಳಗಿ ಹಾಕ್ಲ್ಯಾ?" ಎಂದರು. ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ದನಿ ಒಡೆದ ಕೊಳಲಿನಂತೆ ಗಾಳಿ ಬಿಡುತ್ತಿತ್ತು. ನಾನು ತಲೆ ಎತ್ತಲಿಲ್ಲ. ಬೇಕು ಎಂದೆನೋ ಬೇಡ ಎಂದೆನೋ ನೆನಪಿಲ್ಲ.

ಪಕ್ಕದಲ್ಲಿ ಕೂತ ಐಗಳಿಯ ಹಿರಿಯರೊಬ್ಬರು ಅವರನ್ನು ನೋಡಿ ನನಗೆ ಹೇಳಿದರು, "ಈ ಬಾಯಾರು ಒಂದ ವರ್ಷ ಮೌನ ಇದ್ರರಿ. ಪರದೇಶದಾಗೂ ಒಬ್ಬ ಹಾಡಾಂವ ಹಂಗ ಮಾಡಿದ್ನಂತ. ಟೆಡ್ ಅಂತ ಏನೋ ಹೆಸರು. ಗಂಟ್ಲಾಗಿನ ಗಂಟ ಕರಗೇ ಹೋತಂತ."

ಜಿನಮತಿ ಮುಂದಿನ ಎಲೆಗೆ ಹೋಗದೆ ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದರು.

"ಅಂಥಾವ ಯಾರೂ ಇಲ್ಲರಿ," ಎಂದೆ. "ಅದು ಸುಳ್ಳ. ನಾನ ಹುಟ್ಟಿಸಿ ಬರದಿದ್ದೆ."

ಹಿರಿಯರು ಸಿಟ್ಟಾಗಲಿಲ್ಲ. ತಿಳಿಯದವನಿಗೆ ತಿಳಿಸಿ ಹೇಳುವಂತೆ ನಕ್ಕರು. "ನಿಮಗ ಗೊತ್ತಿಲ್ಲರಿ. ಪೇಪರದಾಗ ಬಂದಿತ್ತು."