ಎಡ ಬಲ ಸಮವೇ?

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ. ನನಗೆ ಮೂಗಿನವರೆಗೂ ಹೋಗುವಷ್ಟು ತಾಳ್ಮೆ ಇಲ್ಲ. ಆದರೂ ಒಂದೇ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆವು. ಅವಳು ವಿಜ್ಞಾನಿ, ನಾನು ಗಾಜಿನ ಪಾತ್ರೆ ತೊಳೆಯುವವನು. ಆಕಾಶದಿಂದ ಬಿದ್ದ ಕಲ್ಲುಗಳಲ್ಲಿ ಜೀವದ ಮೂಲವಸ್ತು ಹುಡುಕುವುದು ಅವಳ ಹುಚ್ಚು. ಮೊದಲ ಜೀವ ಇಲ್ಲಿನ ಕೊಚ್ಚೆಯಲ್ಲೇ ಹುಟ್ಟಿತೋ, ಅದಕ್ಕೆ ಬೇಕಾದ ಸಾಮಾನು ಮೇಲಿನಿಂದ ಬಂತೋ, ಅದೊಂದು ಗೊತ್ತಾಗದೆ ಸಾಯುವುದಿಲ್ಲ ಅನ್ನುತ್ತಿದ್ದಳು. ಈಗ ನಿಜವಾಗಿಯೂ ಸಾಯುತ್ತಿದ್ದಳು.

ಕಡಲೆಕಾಯಿ ಗಾತ್ರದ ಆ ಕಲ್ಲು ಸಿಕ್ಕಿದ್ದು ಅವಳ ನಾಲ್ಕನೇ ಕೀಮೋ ಆದ ಮೇಲೆ. ಅವಳ ಪಾಲಿಗೆ ಇನ್ನೊಂದು ಕಲ್ಲು ಬರುವ ಹಾಗಿರಲಿಲ್ಲ. ಒರಳನ್ನೂ ಸೀಸೆಗಳನ್ನೂ ಐನೂರು ಡಿಗ್ರಿಯಲ್ಲಿ ಎಂಟು ಗಂಟೆ ಸುಟ್ಟು ಕೊಟ್ಟೆ. ಎರಡು ಜೊತೆ ಕೈಗವಸು, ಮಾಸ್ಕು, ಕಲ್ಲಿನ ಹತ್ತಿರ ಮಾತೇ ಇಲ್ಲ. ಯಾಕೆಂದರೆ ಹುಡುಕುವ ಆ ಮೂಲವಸ್ತು, ಅಂದರೆ ಅಮೈನೋ ಆಮ್ಲಗಳು, ನಮ್ಮ ಬೆವರಿನಲ್ಲೂ ಇವೆ. ಅವು ನಮ್ಮ ಕೈಗಳ ಹಾಗೆ, ಎಡದ್ದು ಬಲದ್ದು ಎಂದು ಎರಡು ಥರ. ಆಕಾಶದ್ದಾದರೆ ಎರಡೂ ಹೆಚ್ಚು ಕಡಿಮೆ ಸಮ. ಮೈಯಿಂದ ಬಂದದ್ದಾದರೆ ಬರೀ ಎಡದ್ದು.

ತಾನೇ ಅರೆಯುತ್ತೇನೆಂದು ಅಕ್ಕ ಹಟ ಹಿಡಿದಳು. ಔಷಧಿಯಿಂದ ಅವಳ ಬೆರಳುಗಳು ಮರಗಟ್ಟಿದ್ದವು. ನಾನು ಸೀಸೆ ತರಲು ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿಸಿದ್ದಳು. ಬಲಗೈಯಲ್ಲಿ ಗವಸು ಇರಲಿಲ್ಲ.

"ಈಗ ತಾನೇ ತೆಗೆದೆ," ಅಂದಳು. ನಂಬಿದೆ. ನನಗೂ ನಂಬುವುದೇ ಬೇಕಾಗಿತ್ತು.

ಫಲಿತಾಂಶ ಬಂದ ಬೆಳಿಗ್ಗೆ ಅವಳು ಆಸ್ಪತ್ರೆಯಲ್ಲಿದ್ದಳು. ಹಾಳೆ ನೋಡಿದೆ. ಬರೀ ಎಡ. ಯಂತ್ರ ತೋರಿಸಿದ್ದು ಅಕ್ಕನ ಬೆವರನ್ನು. ಕಲ್ಲಿನದೇನಾದರೂ ಇದ್ದರೆ ಅದರಡಿ ಮುಚ್ಚಿಹೋಗಿತ್ತು. ಮತ್ತೆ ಪರೀಕ್ಷಿಸಲು ಒಂದು ಚಿಟಿಕೆ ಪುಡಿಯೂ ಉಳಿದಿರಲಿಲ್ಲ. ಬಸ್ಸಿನಲ್ಲಿ ಕೂತು ಸುಳ್ಳು ಹೇಳುವುದೆಂದು ನಿಶ್ಚಯಿಸಿದೆ. ನಿಜ ಕಟ್ಟಿಕೊಂಡು ನನಗೇನಾಗಬೇಕು, ಅಕ್ಕ ನಗುತ್ತ ಹೋದರೆ ಸಾಕಿತ್ತು.

"ಏನಾಯ್ತೋ? ಎಡ ಬಲ ಸಮ ಇದೆಯಾ?" ಅಂದಳು.

"ಸಮ ಇದೆ ಅಕ್ಕ. ಗೆದ್ದುಬಿಟ್ಟೆ ನೀನು."

ಅವಳ ಮುಖ ಅರಳಲಿಲ್ಲ.

"ಗವಸು ತೆಗೆದೇ ಅರೆದದ್ದು ಕಣೋ. ಹಿಡಿತಾನೇ ಸಿಗ್ತಿರ್ಲಿಲ್ಲ. ಸಮ ಹೇಗೆ ಬರುತ್ತೆ?"

ಮೈಯೆಲ್ಲ ಉರಿದುಹೋಯಿತು. "ನನ್ನ ಕೈಗೆ ಕೊಟ್ಟಿದ್ರೆ ನಾನು ಅರೀತಿರ್ಲಿಲ್ವಾ? ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಕೊಡೋಕೆ ಮನಸ್ಸು ಬರ್ಲಿಲ್ಲ. ಆಮೇಲೆ, ಏನೂ ಆಗಿರಲ್ಲ ಅಂದ್ಕೊಂಡೆ." ಉಸಿರು ಎಳೆದುಕೊಂಡಳು. "ಲ್ಯಾಬ್ ಪುಸ್ತಕ ತೆಗಿ. ಮಾದರಿ ಕೆಟ್ಟಿದೆ, ಕೆಡಿಸಿದ್ದು ನಾನು ಅಂತ ಬರಿ. ನನ್ನ ಹೆಸರು ಹಾಕು."

"ಹುಷಾರಿಲ್ದೆ ಹೀಗಾಯ್ತು ಅಂತ ಸೇರಿಸ್ಲಾ?"

"ಬೇಡ."

ಬರೆದೆ. ಓದಿಸಿ ಕೇಳಿದಳು, ಒಂದು ಪದ ತಿದ್ದಿಸಿದಳು.

"ಕಲ್ಲಲ್ಲಿ ಇದ್ದಿರಬಹುದು, ಅಲ್ವೇನೋ?"

"ಇದ್ದಿರಬಹುದು ಅಕ್ಕ."

"ಅದನ್ನ ಬರೀಬೇಡ," ಅಂದು ಗೋಡೆಯ ಕಡೆ ತಿರುಗಿದಳು. ಅವಳು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಮೂರನೆಯ ದಿನ ಹೋಗಿಬಿಟ್ಟಳು.