ತಗಡು ಇಳಿಸಿದ ಶನಿವಾರ

ಶೈಲಮ್ಮನ ಗಂಡ ಅಮರೇಶ್ವರ ತೀರಿಕೊಂಡು ಮೂರು ತಿಂಗಳಾಗಿತ್ತು. ಆಮೇಲಿಂದ ಅವರು ಕರೆದಲ್ಲಿಗೆ ಹೋಗುತ್ತಿದ್ದರು, ಕೂರಿಸಿದಲ್ಲಿ ಕೂರುತ್ತಿದ್ದರು. ಆ ಶನಿವಾರ ಅನಿವಾಸಿ ಕನ್ನಡಿಗರ ಸಂಘದ ನಕುಲ್ ಅವರನ್ನು ಪಾರ್ಸಿಪನಿಯ ಮನೆಯಿಂದ ಕ್ರ್ಯಾನ್‌ಬರಿಯ ಗೋದಾಮಿಗೆ ಕರೆತಂದಿದ್ದ.

ಅಲ್ಲೊಂದು ಕಂಟೇನರ್ ಬಾಯಿ ತೆರೆದು ನಿಂತಿತ್ತು. ಚಂಡಮಾರುತಕ್ಕೆ ಮನೆಮಾರು ಕಳೆದುಕೊಂಡ ಕೆರಿಬಿಯನ್ ದ್ವೀಪವೊಂದರ ಮೂಲನಿವಾಸಿಗಳಿಗೆ ಸಂಘ ಕಳಿಸುತ್ತಿದ್ದದ್ದು. ಒಳಗೆ ನಲವತ್ತು ಮನೆಗಳಿಗಾಗುವಷ್ಟು ತಗಡು. ಆ ಮನೆಗಳ ನಕ್ಷೆ ಎಂಜಿನಿಯರ್ ಅಮರೇಶ್ವರ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಬರೆದದ್ದು; ಅವರ ಕೈಯ ಕೊನೆಯ ಕೆಲಸ. ತಗಡು ಕೊಂಡಾದ ಮೇಲೆ ನಕ್ಷೆಯನ್ನು ದ್ವೀಪಕ್ಕೆ ಕಳಿಸಿದ್ದರು. ಮೊದಲೇ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನಕುಲ್‌ನ ಫೋನಿನಲ್ಲಿ ಆ ಊರಿನ ಹಿರಿಯಳು ಮಾರ್ವಾ ಮಾತಾಡುತ್ತಿದ್ದಳು.

"ಹಿಂದಿನ ಸಲವೂ ಯಾರೋ ತಗಡು ಕೊಟ್ಟರು. ಗಾಳಿ ಅದನ್ನು ಕಿತ್ತು ಎಸೆದು ನನ್ನ ತಂಗಿಯ ಕಾಲು ಹೋಯಿತು. ತಾಳೆಯಂಥ ಮರದ ಗರಿ ಹೊದಿಸಿದ ಸಭೆಮನೆಯ ಮಾಡೂ ಹಾರಿತು. ಆದರೆ ಗರಿ ತಾಗಿ ಯಾರೂ ಸಾಯುವುದಿಲ್ಲ, ಕಂಬಗಳೂ ನಿಂತಿವೆ. ಗರಗಸ, ಉಳಿ, ಹಗ್ಗ ಕಳಿಸಿ. ಗರಿಯ ಮರ ಮತ್ತೆ ಬೆಳೆಯುವ ತನಕ ಟಾರ್ಪಾಲು ಸಾಕು. ಕಟ್ಟುವುದು ನಮಗೆ ಗೊತ್ತು."

ನಕುಲ್ ಫೋನ್ ಮ್ಯೂಟ್ ಮಾಡಿದ. "ಆಂಟಿ, ಅಂಕಲ್ ಡ್ರಾಯಿಂಗು ಇದು. ನೀವು ಹೂಂ ಅಂದ್ರೆ ಮಾತ್ರ ಇಳಿಸ್ತೀನಿ. ಇಲ್ದಿದ್ರೆ ಹೋಗ್ಲಿ ಬಿಡಿ, ಅಡ್ಜಸ್ಟ್ ಮಾಡ್ಕೋತಾರೆ."

ಶೈಲಮ್ಮ ತಮ್ಮೊಳಗೆ ತಡಕಿ ನೋಡಿಕೊಂಡರು. ಸಂಕಟವೂ ಸಿಗಲಿಲ್ಲ, ಸಿಟ್ಟೂ ಸಿಗಲಿಲ್ಲ.

"ಇಳಸಪಾ," ಅಂದರು.

ಫೋರ್ಕ್‌ಲಿಫ್ಟ್ ನಡೆಸುವ ಸಲ್ಮಾ ಒಂದೊಂದು ಕಟ್ಟನ್ನೂ ಮಗುವನ್ನು ಮಲಗಿಸಿದಂತೆ ಮೆಲ್ಲಗೆ ನೆಲಕ್ಕಿಟ್ಟಳು. ತಗಡು ಒಮ್ಮೆಯೂ ದಡಾರೆನ್ನಲಿಲ್ಲ. ಅದು ಯಾರ ಕೊನೆಯ ಕೆಲಸವೆಂದು ಅವಳಿಗೆ ಯಾರು ಹೇಳಿದ್ದರೋ.

ನಕುಲ್ ಎರಡು ಸುತ್ತು ಅಂಗಡಿಗೆ ಹೋಗಿ ಮಾರ್ವಾ ಕೇಳಿದ್ದನ್ನೆಲ್ಲ ತಂದ. ಅಷ್ಟನ್ನೂ ಏರಿಸಿದರೂ ಕಂಟೇನರ್ ಅರ್ಧ ಖಾಲಿ. ಅದನ್ನು ಕಂಡು ಸಂಘದ ಕಮಲವ್ವ ಹಳೆ ಸೀರೆ, ರಗ್ಗುಗಳ ಆರು ಮೂಟೆ ಎಳೆದು ತಂದರು.

"ಖಾಲಿ ಕಳಸ್ತಾರೇನ್ರೀ ಯಾರರ? ಮಗಳಿಗೆ ಅರ್ಧ ಬುಟ್ಟಿ ಬುತ್ತಿ ಕಟ್ಟಿದಂಗಾತು!"

"ಅವ್ರು ಕೇಳ್ಯಾರೇನು, ಕಮಲವ್ವ?" ಅಂದರು ಶೈಲಮ್ಮ.

"ಕೇಳಿದ ಮ್ಯಾಲೆ ಕೊಟ್ರ ಅದೇನ್ ಕೊಡೋದ್ರೀ? ಪುಣ್ಯನೂ ಆರ್ಡರ್ ಮಾಡಿ ತರಸ್ಬೇಕೇನು?"

"ಬ್ಯಾಡಾದದ್ದನ್ನ ಎಲ್ಲಿ ಒಗೀಬೇಕವ್ರು? ಸುತ್ತ ಸಮುದ್ರ." ಶೈಲಮ್ಮನ ದನಿ ಏರಲಿಲ್ಲ. "ನಮ್ಮನಿಯವ್ರೂ ಅವ್ರನ್ನ ಕೇಳಿರಲಿಲ್ಲ."

ಕಮಲವ್ವ ಮೂಟೆಗಳನ್ನು ಬದಿಗೆ ಸರಿಸಿ ಬಂದು, ಶೈಲಮ್ಮನ ಸ್ವೆಟರಿನ ಭುಜಕ್ಕೆ ಹತ್ತಿದ್ದ ಧೂಳನ್ನು ಸೆರಗಿನಿಂದ ಒರೆಸಿದರು.

ನಕುಲ್ ಬಾಗಿಲು ಹಾಕಿ ಅಗಳಿ ಜಡಿದ. ಮಾರ್ವಾಗೆ ವಿಷಯ ತಿಳಿಸಲು ಮತ್ತೆ ಫೋನ್ ಮಾಡಿದಾಗ ಶೈಲಮ್ಮ ಫೋನಿಗೆ ಕೈ ಚಾಚಿದರು. ಅವರು ಧಾರವಾಡದ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವರು.

"ಆ ಗರಿಯ ಮರ, ಬೀಜದಿಂದ ಬರುತ್ತೋ, ಬುಡದ ಕಂದಿನಿಂದಲೋ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಬೀಜದಿಂದ," ಎಂದಳು ಮಾರ್ವಾ. "ಆದರೆ ಮೊಳೆಯಲು ನೆರಳು ಬೇಕು. ನೆರಳೆಲ್ಲಾ ಗಾಳಿಗೆ ಹೋಯಿತು."

ಸಲ್ಮಾ ಜೇಬಿನಿಂದ ಪೆನ್ನು ತೆಗೆದು ಕೊಟ್ಟಳು. ಶೈಲಮ್ಮ ಹಗ್ಗದ ಡಬ್ಬದ ರಟ್ಟು ಹರಿದುಕೊಂಡು, ಸಸಿಗಳ ಮೇಲೆ ಹೊದಿಸುವ 'ನೆರಳು ಬಲೆ' ಎಂದು ಬರೆದರು.

"ಎಷ್ಟು ಅಗಲದ್ದು ಬೇಕು? ನೀವು ಹೇಳಿ."